ಬಾಣಂತಿ ಏಡಿ

ಮನೆಯೊಳಗೆ ಏಡಿ ಸಾಕಿದ್ದೇವೆ ಎಂದರೆ ನಂಜನಗೂಡಿನಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ಸಾರು ಯಾವತ್ತು ಎಂದು ಕೇಳುತ್ತಾರೆ. ರುದ್ರಾಣಿಗೆ ಈ ಎರಡೂ ಅಭ್ಯಾಸವಾಗಿಹೋಗಿದ್ದವು. ರವಿಕೆ ಹೊಲಿಸಲು ಬರುವ ಹೆಂಗಸರು ತೋಳಿನ ಅಳತೆ ಕೊಡುತ್ತಾ ಗಾಜಿನ ತೊಟ್ಟಿಯ ಕಡೆಗೆ ಕತ್ತು ತಿರುಗಿಸಿ, “ಅಯ್ಯೋ, ಏಡಿಕಾಯಿ ಕಣೇ! ಲಿಂಗಾಯ್ತರ ಮನೇಲಿ?” ಎಂದು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅವಳು ಗುಂಡುಸೂಜಿ ಕಚ್ಚಿಕೊಂಡ ಬಾಯಲ್ಲೇ “ಹ್ಞೂಂ” ಎಂದು ಟೇಪನ್ನು ಬೆನ್ನಿಗೆ ಹಿಡಿಯುತ್ತಿದ್ದಳು.

ಆ ತೊಟ್ಟಿ ಮೊದಲು ಮಗಳು ಶಿವಾನಿಯದು. ಅವಳು ಸುತ್ತೂರಿನ ಹಾಸ್ಟೆಲ್ಲಿಗೆ ಸೇರಿದ ಮೇಲೆ ಬಣ್ಣದ ಮೀನುಗಳು ಒಂದೊಂದಾಗಿ ತೇಲಿ, ತೊಟ್ಟಿ ಖಾಲಿ ಬಿದ್ದಿತ್ತು. ಹೋದ ವರ್ಷ ನಾಲೆಗೆ ನೀರು ಬಿಟ್ಟ ಮೇಲೆ ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಅಂಗೈಯಗಲದ ಏಡಿಯೊಂದು ಕೊಂಡಿಯೆತ್ತಿಕೊಂಡು ಕೂತಿತ್ತು. ಇವರ ಮನೆ ನಾಲೆಯ ಕೆಳಗಿನ ಬಡಾವಣೆಯಲ್ಲಿ, ಚರಂಡಿ ಹಿಡಿದು ಬಂದಿರಬೇಕು. ಅತ್ತೆ ಮಲ್ಲಾಜಮ್ಮ ಪೊರಕೆ ತರಲು ಓಡಿದರು. ಅವರು ಬರುವಷ್ಟರಲ್ಲಿ ರುದ್ರಾಣಿ ಅದನ್ನು ಬಕೆಟ್ಟಿಗೆ ಹಾಕಿಕೊಂಡು ಒಳಗೆ ತಂದಿದ್ದಳು. ಸಂಜೆ ನಾಲೆಗೆ ಬಿಟ್ಟರಾಯಿತು ಎಂದುಕೊಂಡೇ ತೊಟ್ಟಿಗೆ ಬಿಟ್ಟದ್ದು. ಸಂಜೆಯಾಯಿತು, ಬಿಡಲು ಮನಸ್ಸು ಬರಲಿಲ್ಲ.

ಮೀನಿಗೆ ತುಂಬಿದ ಹಾಗೆ ತೊಟ್ಟಿಯ ತುಂಬ ನೀರು ತುಂಬಿದ್ದಳು. ಏಡಿ ಗಾಳಿಯ ಪೈಪು ಹಿಡಿದುಕೊಂಡು ಮೇಲೆ ಬಂದು ಮೂತಿ ಮಾತ್ರ ಹೊರಗಿಟ್ಟು ನೇತಾಡುತ್ತಿತ್ತು. ಮಾರನೆಯ ದಿನ ತೊಟ್ಟಿಯಲ್ಲಿ ಇಲ್ಲವೇ ಇಲ್ಲ! ಆಮೇಲೆ ಮಲ್ಲಾಜಮ್ಮನ ಕಿರುಚಾಟ ಕೇಳಿ ಓಡಿದರೆ ದೇವರ ಕೋಣೆಯ ಮಣೆಯಡಿಯಲ್ಲಿ ಸೇರಿಕೊಂಡಿತ್ತು. ಆವತ್ತು ಮನೆಯಲ್ಲಿ ದೊಡ್ಡ ಗಲಾಟೆ. “ಲಿಂಗಪೂಜೆ ಮಾಡೋ ಜಾಗಕ್ಕೆ ಈ ಅನಿಷ್ಟ ಬಂದು ಕೂತದಲ್ಲೇ! ಇವತ್ತು ಅದಿರಬೇಕು, ಇಲ್ಲಾ ನಾನಿರಬೇಕು” ಎಂದು ಮಲ್ಲಾಜಮ್ಮ ಮಧ್ಯಾಹ್ನದವರೆಗೆ ಊಟ ಮಾಡಲಿಲ್ಲ. ರುದ್ರಾಣಿ ತೊಟ್ಟಿಗೊಂದು ಹಲಗೆ ಮುಚ್ಚಿ ಮೇಲೆ ರುಬ್ಬುಗುಂಡು ಹೇರಿದಳು.

ಫೋನಿನಲ್ಲಿ ಹುಡುಕಿ, ತಪ್ಪಿ, ತಿದ್ದಿ, ಅವಳು ಏಡಿಯ ಸಂಸಾರ ಕಲಿತಳು. ಏಡಿಗೆ ನೀರೂ ಬೇಕು, ನೆಲವೂ ಬೇಕು. ಹೊಳೆಯ ಮರಳು ತಂದು ಒಂದು ಕಡೆ ದಿಬ್ಬ ಮಾಡಿದಳು, ಇನ್ನೊಂದು ಕಡೆ ಗೇಣುದ್ದದ ನೀರು ನಿಲ್ಲಿಸಿದಳು, ಅವಿತುಕೊಳ್ಳಲು ಹೆಂಚಿನ ಚೂರು ಇಟ್ಟಳು. ನಲ್ಲಿ ನೀರಿನ ಬ್ಲೀಚಿಂಗ್ ವಾಸನೆ ಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ಹಾಗೇ ಬಿಟ್ಟು ಆಮೇಲೆ ಹಾಕುತ್ತಿದ್ದಳು. ನೆನೆಸಿದ ಕಡಲೆ, ಕುಂಬಳಕಾಯಿಯ ಸಿಪ್ಪೆ, ನುಗ್ಗೆಸೊಪ್ಪು ತಿನ್ನುತ್ತಿತ್ತು. ಒಂದು ದಿನ ಕೈಕಾಲು ಚಾಚಿ ಸತ್ತು ಬಿದ್ದಿತ್ತು. ರುದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಎತ್ತಿಕೊಂಡರೆ ಕೈಯಲ್ಲಿ ತೂಕವೇ ಇಲ್ಲ. ಬರೀ ಚಿಪ್ಪು. ಹೆಂಚಿನ ಹಿಂದೆ ಮೆತ್ತಗಿನ, ಬೆಣ್ಣೆಯಂಥ ಹೊಸ ಏಡಿ ಮುದುಡಿಕೊಂಡು ಕೂತಿತ್ತು. ಪೊರೆ ಬಿಟ್ಟ ಮೇಲೆ ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕು, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿ ಎಂದು ರವಿಕೆಯ ಗಿರಾಕಿಯೊಬ್ಬಳು ಹೇಳಿ ಅವಳೇ ತಂದುಕೊಟ್ಟಳು. “ಮೊಟ್ಟೆ ಸಿಪ್ಪೆ ನನ್ ಹೊಸಲು ದಾಟಕೂಡದು” ಎಂದರು ಮಲ್ಲಾಜಮ್ಮ. ಕೊನೆಗೆ ಆ ಪುಡಿ ಒಂದು ಡಬ್ಬಿಯಲ್ಲಿ ಕಾಂಪೌಂಡ್ ಗೋಡೆಯ ಮೇಲೆ ವಾಸ ಮಾಡಿತು.

ಚರಂಡಿ ಹಿಡಿದು ಇನ್ನೆರಡು ಬಂದು ಸೇರಿ ಮೂರಾದವು. ಈ ಮಳೆಗಾಲದಲ್ಲಿ ಅವುಗಳಲ್ಲಿ ದೊಡ್ಡದು, ಹೆಣ್ಣು, ಹೊಟ್ಟೆಯ ಮಡಿಕೆಯ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಹೊತ್ತು ತಿರುಗತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಮೊಟ್ಟೆಗಳ ಜಾಗದಲ್ಲಿ ಸಾಸಿವೆಗಿಂತ ತುಸು ದೊಡ್ಡ ಮರಿಗಳು! ಒಂದೊಂದಕ್ಕೂ ಕಾಲು, ಕೊಂಡಿ, ಕಣ್ಣು. ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ರುದ್ರಾಣಿ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಹಿಂದೆ ಮಲ್ಲಾಜಮ್ಮ ಬಂದು ನಿಂತರು. ಅಲ್ಲಿಯತನಕ ಅವರು ಏಡಿಯನ್ನು ‘ಅದು’, ‘ಅನಿಷ್ಟ’ ಎಂದು ಬಿಟ್ಟರೆ ಬೇರೆ ಮಾತಲ್ಲಿ ಕರೆದವರಲ್ಲ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ಬಗ್ಗಿ ನೋಡಿದರು.

“ಬಾಣಂತಿ ಕಣೇ ಇದು” ಎಂದರು. “ಕಿಟಕಿ ಯಾಕೆ ತೆಗೆದಿದ್ದೀ? ಗಾಳಿ ತಗಲಲ್ವಾ?”

ಹಳೇ ಸೀರೆಯ ತುಂಡೊಂದು ತೊಟ್ಟಿಯ ಒಂದು ಬದಿಗೆ ಪರದೆಯಾಯಿತು. ದಿನಾ ಪೂಜೆ ಮುಗಿಸಿ, ಹಣೆಗೆ ಹಚ್ಚಿದ ವಿಭೂತಿ ಆರುವ ಮೊದಲೇ ಮಲ್ಲಾಜಮ್ಮ ಕುರ್ಚಿ ಎಳೆದುಕೊಂಡು ಅಲ್ಲಿ ಕೂರುವುದು ರೂಢಿಯಾಯಿತು. ಆದರೆ ಯಾರಾದರೂ ಬಂದರೆ ಎದ್ದು ಹೋಗುತ್ತಿದ್ದರು.

ರುದ್ರಾಣಿಯ ಗಂಡ ಶಿವರಾಜು ಇದಕ್ಕೆಲ್ಲ ಹ್ಞೂಂ ಎಂದವನೂ ಅಲ್ಲ, ಉಹ್ಞೂಂ ಎಂದವನೂ ಅಲ್ಲ. ಬೀಜ ಗೊಬ್ಬರದ ಕಂಪನಿಯೊಂದರ ಗೋದಾಮಿನಲ್ಲಿ ಅವನು ಸ್ಟೋರ್‌ಕೀಪರ್. ಮನೆಯಲ್ಲಿ ಏನು ನಡೆದರೂ ಅವನಿಗೆ ಸರಿ, ಗೋದಾಮಿನಲ್ಲಿ ಮಾತ್ರ ಏನೂ ನಡೆಯಬಾರದು. ಮ್ಯಾನೇಜರ್ ಪ್ರಸಾದ್ ಅವರ ಫೋನು ಬಂದರೆ ಊಟದ ತಟ್ಟೆ ಮುಂದಿದ್ದರೂ ಎದ್ದು ನಿಂತು ಮಾತಾಡುತ್ತಿದ್ದ.

ಒಂದು ಶನಿವಾರ ಸುತ್ತೂರಿನಲ್ಲಿ ಪೋಷಕರ ಸಭೆಯಿತ್ತು. ರುದ್ರಾಣಿ ಮಗಳಿಗೆ ಚಕ್ಕುಲಿ, ನಿಪ್ಪಟ್ಟು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟವಳು ಸಭೆ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದಳು. ಫೋನಿನಲ್ಲಿ ತೆಗೆದ ಮರಿಗಳ ವಿಡಿಯೋ ನೋಡಿ ಶಿವಾನಿ ಕುಣಿದಿದ್ದಳು, ಗೆಳತಿಯರನ್ನೆಲ್ಲ ಕರೆದು ತೋರಿಸಿದ್ದಳು. ಆ ಖುಷಿಯಲ್ಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ರುಬ್ಬುಗುಂಡು ನೆಲದ ಮೇಲಿತ್ತು. ಹಲಗೆ ಗೋಡೆಗೆ ಒರಗಿತ್ತು. ಹೆಂಚಿನ ಚೂರು ಬೋರಲು ಬಿದ್ದು ಮರಳಿನ ದಿಬ್ಬ ಕುಸಿದು ನೀರೆಲ್ಲ ರಾಡಿಯಾಗಿತ್ತು.

“ಅತ್ತೆ! ಏಡಿ ಎಲ್ಲಿ?”

ಮಲ್ಲಾಜಮ್ಮ ಅಡುಗೆಮನೆಯಿಂದ ಬಂದರು. ಅವರ ಮುಖದಲ್ಲಿ ಅಳುಕು ಕಾಣಿಸಲಿಲ್ಲ, ಅಸಮಾಧಾನವಿತ್ತು. “ಯಾಕೇ, ನೀನೇ ಹೇಳಿದ್ಯಂತಲ್ಲ ನಾಲೆಗೆ ಬಿಟ್ಟುಬಿಡಿ ಅಂತ? ಶಿವರಾಜು ಬೆಳಿಗ್ಗೆ ಡಬ್ಬಿಗೆ ಹಾಕ್ಕೊಂಡು ಹೋದ. ಮರಿ ಕಟ್ಕೊಂಡಿರೋದನ್ನ ಈಗ ಬಿಡೋದಾ ಅಂತ ನಾನೂ ಅಂದೆ. ‘ರುದ್ರಾಣಿಗೆ ಗೊತ್ತು ಬಿಡವ್ವ’ ಅಂದ.”

ರುದ್ರಾಣಿ ಬ್ಯಾಗು ಕೆಳಗಿಡಲಿಲ್ಲ. ನಿಂತಲ್ಲೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

“ರೀ, ಏಡಿ ಎಲ್ಲಿಗೆ ತಗೊಂಡು ಹೋದ್ರಿ?”

ಆ ಕಡೆ ಲಾರಿಯ ಸದ್ದು, ಹಮಾಲರ ಕೂಗು. ಶಿವರಾಜು ದನಿ ತಗ್ಗಿಸಿದ. “ಅದಾ... ಸಂಜೆ ಬಂದು ಹೇಳ್ತೀನಿ.”

“ಈಗ ಹೇಳಿ.”

“ಪ್ರಸಾದ್ ಸಾರ್ ಅಪ್ಪಂಗೆ ಕಾಲು ಮುರಿದೈತಲ್ಲ, ಟಿ. ನರಸೀಪುರದಲ್ಲಿ ಸಾರ್ ಮನೇಲೇ ಅವ್ರೆ. ಏಡಿ ಸಾರು ಕುಡಿದ್ರೆ ಮೂಳೆ ಬೇಗ ಕೂಡ್ಕೊತದೆ ಅಂತ ಯಾರೋ ಹೇಳವ್ರಂತೆ. ಮಾರ್ಕೆಟ್ಟಲ್ಲಿ ಒಳ್ಳೇದು ಸಿಗ್ತಿಲ್ಲ ಅಂತ ಸಾರ್ ಬೇಜಾರು ಮಾಡ್ಕೊಂಡಿದ್ರು. ನಮ್ಮನೇಲಿ ಹೆಂಗೂ ಇದ್ವಲ್ಲ... ಬೆಳಿಗ್ಗೆನೇ ಬೈಕಲ್ಲಿ ಹೋಗಿ ಕೊಟ್ಟು ಬಂದೆ. ಮತ್ತೆ ಬತ್ತವೆ ಬಿಡು, ಚರಂಡಿಲಿ ಬರೋವೇ ತಾನೆ.”

ರುದ್ರಾಣಿಯ ಕೈಯಿಂದ ಫೋನನ್ನು ಮಲ್ಲಾಜಮ್ಮ ಕಿತ್ತುಕೊಂಡರು.

“ಲೇ ಶಿವರಾಜು! ನನ್ ಹತ್ರ ನಾಲೆಗೆ ಬಿಡ್ತೀನಿ ಅಂದ್ಯಲ್ಲಾ! ನಮ್ಮನೆ ನೀರು ಕುಡಿದ ಬಾಣಂತೀನ ಕುಯ್ಯಕ್ಕೆ ಕೊಟ್ಟು ಬಂದ್ಯಾ? ಅದಕ್ಕೆ ನನ್ನ ಬಾಯಲ್ಲಿ ಹ್ಞೂಂ ಅನ್ನಿಸ್ಕೊಂಡು ಹೋದ್ಯಾ?”

“ಅವ್ವ, ಅವ್ವ, ಲೋಡು ಬಂದದೆ, ಆಮೇಲೆ ಮಾಡ್ತೀನಿ” ಎಂದು ಅವನು ಇಟ್ಟೇಬಿಟ್ಟ.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆಯಾಗಿ ಬಂದಂದಿನಿಂದ ಉಪ್ಪು, ಹುಳಿ, ಹೊಸಲು, ಮಡಿ ಎಂದು ಇಬ್ಬರೂ ಜಗಳವಾಡದ ವಿಷಯವಿರಲಿಲ್ಲ. ಮೊದಲನೆಯ ಸಲ ಇಬ್ಬರಿಗೂ ಒಂದೇ ಸಿಟ್ಟು ಬಂದಿತ್ತು.

“ಮನೆ ಗೊತ್ತಾ ನಿಂಗೆ?” ಎಂದರು ಮಲ್ಲಾಜಮ್ಮ.

“ಗೃಹಪ್ರವೇಶಕ್ಕೆ ಹೋಗಿದ್ದೆ.”

“ನಡಿ.”

ರುದ್ರಾಣಿ ಮುಚ್ಚಳಕ್ಕೆ ತೂತು ಮಾಡಿದ್ದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಒದ್ದೆ ಬಟ್ಟೆ ಹಾಸಿ ಚೀಲದಲ್ಲಿಟ್ಟುಕೊಂಡಳು. ಮಲ್ಲಾಜಮ್ಮ ಬೀಗ ಹಾಕಿದರು. ಮಂಡಿ ನೋವೆಂದು ಎದುರು ಬೀದಿಯ ಅಂಗಡಿಗೂ ಹೋಗದ ಹೆಂಗಸು ಸೊಸೆಗಿಂತ ಮುಂದೆ ಮುಂದೆ ಬಸ್ ಸ್ಟ್ಯಾಂಡಿಗೆ ನಡೆದರು. ಆಧಾರ್ ಕಾರ್ಡು ತೋರಿಸಿದಾಗ ಕಂಡಕ್ಟರ್, “ಏನಜ್ಜಿ, ಸಂಗಮದ ಸ್ನಾನಕ್ಕಾ?” ಎಂದು ಕೇಳಿದ. “ಅಲ್ಲಪ್ಪಾ, ಜಗಳಕ್ಕೆ” ಎಂದರು ಮಲ್ಲಾಜಮ್ಮ. ಅವನು ನಗುತ್ತಾ ಮುಂದೆ ಹೋದ. ರುದ್ರಾಣಿಗೆ ನಗು ಬರಲಿಲ್ಲ. ಬೆಳಿಗ್ಗೆ ಹೋಗಿ ಬಂದಿದ್ದ ದಾರಿಯಲ್ಲೇ ಬಸ್ಸು ಮತ್ತೆ ಸುತ್ತೂರು ದಾಟಿತು. ಮಗಳು ಅಲ್ಲಿ ಒಳಗೆ ಕೂತು ಯಾರಿಗೋ ಮರಿಗಳ ಕತೆ ಹೇಳುತ್ತಿರಬಹುದು ಎನ್ನಿಸಿತು. ಮುಂದಿನ ವಾರ ಆ ಹುಡುಗಿ ಕೇಳಿದರೆ ಏನು ಹೇಳುವುದು? ನಿಮ್ಮಪ್ಪ ಸಾರಿಗೆ ಕೊಟ್ಟ ಎಂದೇ?

“ಅತ್ತೆ, ಒಂದು ಮಾತು” ಎಂದಳು. “ಅಲ್ಲಿ ಹೋಗಿ ಪ್ರಾಣಿ ಕೊಲ್ಲೋದು ಪಾಪ, ಮಾಂಸ ತಿನ್ನೋರು ಹಂಗೆ ಹಿಂಗೆ ಅಂತ ಮಾತ್ರ ಅನ್ನಬೇಡಿ. ಅವರು ತಿನ್ನೋರು, ತಿನ್ತಾರೆ. ಅದು ಅವರ ಮನೆ ಊಟ. ನಾವು ಕೇಳಕ್ಕೆ ಹೋಗ್ತಿರೋದು ನಮ್ಮದನ್ನ.”

ಮಲ್ಲಾಜಮ್ಮ ಕಿಟಕಿಯಾಚೆ ನೋಡುತ್ತಾ ಗೊಣಗಿದರು. “ಸರಿ ಬಿಡು. ಆದರೆ ಶಿವರಾಜೂನ ಹೆತ್ತ ತಪ್ಪಿಗೆ ಅವನ ಹತ್ರ ನಾನೊಂದೆರಡು ಮಾತಾಡೋದಿದೆ.”

ಪ್ರಸಾದ್ ಅವರ ಮನೆ ಟಿ. ನರಸೀಪುರದ ಹೊಸ ಬಡಾವಣೆಯಲ್ಲಿತ್ತು. ಗ್ರಾನೈಟ್ ಮೆಟ್ಟಿಲು, ಪೋರ್ಟಿಕೋದಲ್ಲಿ ಕಾರು, ಸರಪಳಿ ಹಾಕಿದ ಹಳದಿ ಬಣ್ಣದ ದೊಡ್ಡ ನಾಯಿ. ಬಾಗಿಲು ತೆಗೆದದ್ದು ಪ್ರಸಾದ್ ಅವರ ಹೆಂಡತಿ ವನಜಾಕ್ಷಿ. ಅವಳ ಮುಖ ಅರಳಿತು.

“ಶಿವರಾಜು ಮನೆಯೋರಲ್ವಾ? ಬನ್ನಿ ಬನ್ನಿ. ಮಾವನ್ನ ನೋಡಕ್ಕೆ ಬಂದ್ರಾ? ಪಾಪ, ಬೆಳಿಗ್ಗೆ ನಿಮ್ಮ ಯಜಮಾನ್ರು ಏಡಿ ತಂದುಕೊಟ್ಟು ಒಂದು ಲೋಟ ಕಾಫೀನೂ ಕುಡೀದೆ ಹೋದ್ರು. ಕೂತ್ಕೊಳಿ, ಕಾಫಿ ತತ್ತೀನಿ.”

ಮನೆಯೊಳಗೆಲ್ಲ ಹುರಿದ ಮಸಾಲೆಯ ವಾಸನೆ. ಹಾಲಿನ ಒಂದು ಮೂಲೆಯ ಮಂಚದ ಮೇಲೆ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಪ್ರಸಾದ್ ಅವರ ತಂದೆ ಮಲ್ಲಯ್ಯ ಮಲಗಿದ್ದರು. ಕೂರಿ ಎಂದರೂ ರುದ್ರಾಣಿ ಕೂರಲಿಲ್ಲ.

“ಕಾಫಿ ಬೇಡಕ್ಕಾ. ಆ ಏಡಿ ಎಲ್ಲಿವೆ?”

“ಎರಡನ್ನ ಬೆಳಿಗ್ಗೆನೇ ಕುಟ್ಟಿ ಸಾರು ಮಾಡಿದ್ದಾಯ್ತು. ದೊಡ್ಡದನ್ನ ನಾಳೆಗೆ ಅಂತ ಇಟ್ಟಿದೀನಿ. ಯಾಕೆ?”

“ಅವು ನಾನು ಸಾಕಿದ್ದವು. ನನ್ನನ್ನ ಕೇಳದೇ ತಂದಿದ್ದಾರೆ. ಉಳಿದಿರೋದನ್ನ ವಾಪಸ್ ಕೊಡಿ.”

ವನಜಾಕ್ಷಿಗೆ ಅರ್ಥವಾಗಲಿಲ್ಲ. ನಗಬೇಕೋ ಬೇಡವೋ ಎಂದು ಅವಳ ತುಟಿ ಒಂದು ಗಳಿಗೆ ತಡವರಿಸಿತು. ಆಮೇಲೆ ಹಿಂದಿನ ಬಾಗಿಲ ಕಡೆ ಕೈ ತೋರಿಸಿದಳು. ಪಾತ್ರೆ ತೊಳೆಯುವ ಜಾಗದಲ್ಲಿ ಒಂದು ಬಕೆಟ್ಟು, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಇಟ್ಟಿಗೆ. ರುದ್ರಾಣಿ ತಟ್ಟೆ ಸರಿಸಿ ಬಗ್ಗಿದಳು. ಅಂಚಿನವರೆಗೆ ತುಂಬಿದ ನೀರಿನ ತಳದಲ್ಲಿ ಹೆಣ್ಣೇಡಿ ಮುದುಡಿ ಕೂತಿತ್ತು. ಎರಡು ಕೊಂಡಿಗೂ ಗೋಣಿದಾರ ಸುತ್ತಿ ಬಿಗಿದಿದ್ದರು. ಒಂದು ಕಾಲು ಬುಡಕ್ಕೇ ಮುರಿದುಹೋಗಿತ್ತು.

ಬೆನ್ನ ಕಡೆಯಿಂದ ಚಿಪ್ಪಿನ ಎರಡಂಚು ಹಿಡಿದು ಮೇಲೆತ್ತಿ ಹೊಟ್ಟೆ ತಿರುಗಿಸಿ ನೋಡಿದಳು. ಮಡಿಕೆ ಹೆಚ್ಚುಕಡಿಮೆ ಖಾಲಿಯಾಗಿತ್ತು.

“ಮರಿಗಳೆಲ್ಲಿ?”

“ಮರಿಗಳಾ?” ವನಜಾಕ್ಷಿ ಕಣ್ಣರಳಿಸಿದಳು. “ಹೊಟ್ಟೆ ಕೆಳಗೆ ಏನೋ ಹುಳ ಮುತ್ಕೊಂಡಿದ್ದಂಗಿತ್ತು. ಅಸಹ್ಯ ಆಯ್ತು. ನಲ್ಲಿ ಕೆಳಗೆ ಹಿಡಿದು ಬ್ರಷ್ಷಲ್ಲಿ ಚೆನ್ನಾಗಿ ತಿಕ್ಕಿ ತೊಳೆದೆ. ಅವು ಮರಿಗಳಾ?”

ರುದ್ರಾಣಿ ಅವಳ ಮುಖ ನೋಡಿದಳು. ಅಲ್ಲಿ ಕೆಡುಕೇನೂ ಇರಲಿಲ್ಲ. ಅದನ್ನು ಕಂಡು ಸಿಟ್ಟು ಇನ್ನೂ ಹೆಚ್ಚಾಯಿತು. ಬೈಯಲೂ ಆಗದ ಹಾಗಿತ್ತು. ಮಲ್ಲಾಜಮ್ಮ ಚರಂಡಿಯ ಜಾಲರಿಯ ಮೇಲೆ ಬಗ್ಗಿ, ಕನ್ನಡಕ ಏರಿಸಿಕೊಂಡು, ಸೋಪಿನ ನೊರೆಯನ್ನು ಬೆರಳಲ್ಲಿ ಸರಿಸುತ್ತಿದ್ದರು.

“ಏನ್ ನಡೀತಿದೆ ಇಲ್ಲಿ?”

ಪ್ರಸಾದ್ ಮಹಡಿಯಿಂದ ಇಳಿದು ಬಂದಿದ್ದರು. ಮಧ್ಯಾಹ್ನದ ನಿದ್ದೆಯಿಂದ ಎದ್ದ ಮುಖ, ಬರ್ಮುಡಾ ಚಡ್ಡಿ. ವನಜಾಕ್ಷಿ ವಿಷಯ ಹೇಳಿದಳು. ಅವರಿಗೆ ನಗು ಬಂತು.

“ಏನ್ರಮ್ಮಾ, ಒಂದು ಏಡಿಗೋಸ್ಕರ ನಂಜನಗೂಡಿಂದ ಬಸ್ ಹತ್ತಿ ಬಂದ್ರಾ? ನಿಮ್ಮ ಯಜಮಾನ್ರು ಪ್ರೀತಿಯಿಂದ ತಂದುಕೊಟ್ಟಿದ್ದು ಕಣ್ರಮ್ಮಾ. ಕೊಟ್ಟಿದ್ದನ್ನ ವಾಪಸ್ ಕೇಳೋದು ಯಾವೂರ ಮರ್ಯಾದೆ?”

“ಅವರದ್ದಲ್ಲದ್ದನ್ನ ಅವರು ಹೆಂಗೆ ಕೊಡ್ತಾರೆ ಸಾರ್?”

“ಓಹೋ.” ಅವರ ನಗು ಮಾಯವಾಯಿತು. “ನೀವು ತಿನ್ನಲ್ಲ ಅಂತ ಊರೋರೆಲ್ಲಾ ಸೊಪ್ಪು ತಿನ್ಕೊಂಡು ಇರಬೇಕಾ? ನಮಗೆ ಬುದ್ಧಿ ಹೇಳಕ್ಕೆ ಬಂದಿದೀರಾ?”

“ಇಲ್ಲ ಸಾರ್. ನೀವು ಏಡಿ ತಿನ್ನಿ, ಮೀನು ತಿನ್ನಿ, ನನಗೇನು? ಗದ್ದೇಲಿ ಹಿಡಿಸಿ ತಿನ್ನಿ, ಸಂತೇಲಿ ತಂದು ತಿನ್ನಿ. ಇದು ನನ್ನ ಮನೆಯೊಳಗೆ ನಾನು ಕೂಡ್ಸಿ ಉಣ್ಣಿಸಿದ್ದು. ನೀವು ಇಲ್ಲದಾಗ ನಾನು ಬಂದು, ಪೋರ್ಟಿಕೋದಲ್ಲಿ ಕಟ್ಟಿದೀರಲ್ಲ, ಆ ನಾಯೀನ ಬಿಚ್ಕೊಂಡು ಹೋದ್ರೆ ಸುಮ್ನಿರ್ತೀರಾ?”

“ನಾಯಿ ಬೇರೆ, ಏಡಿ ಬೇರೆ ಕಣ್ರೀ.”

“ಸಾಕಿದೋರಿಗೆ ಬೇರೆ ಅಲ್ಲ.”

ಮಂಚದಿಂದ ಮಲ್ಲಯ್ಯನವರ ದನಿ ಬಂತು. ಮೂಗೂರಿನ ಕಡೆ ಬೇಸಾಯ ಮಾಡಿಕೊಂಡಿದ್ದ ಮುದುಕ, ಕಾಲು ಮುರಿದ ಮೇಲೆ ಮಗನ ಮನೆಗೆ ಬಂದವರು. “ಯಾರ್ಲಾ ಅದು? ಏನಂತ್ಲಾ?”

“ಏನಿಲ್ಲ, ನೀನು ಮಲಿಕ್ಕೋ ಅಪ್ಪಾ. ನಿಂಗೆ ತಂದ ಏಡಿ ವಾಪಸ್ ಬೇಕಂತೆ ಅವರಿಗೆ.”

“ಕೊಟ್ಟಾಕಲಾ ಅತ್ಲಾಗಿ! ಏಡಿಯ ನಾನ್ ಕೇಳಿದ್ನಾ? ನಾನ್ ಕೇಳಿದ್ದು ಕೋಳಿ ಸಾರ. ಮೊಬೈಲಲ್ಲಿ ಯಾವನೋ ಹೇಳ್ದಾ ಅಂತ ನೀನು ಏಡಿ ಏಡಿ ಅಂತ ಕುಣಿದೆ. ಬೆಳಿಗ್ಗೆ ಮಾಡಿದ ಸಾರ ಒಂದ್ ಗುಟುಕು ಕುಡ್ದು ಮಡಗಿವ್ನಿ, ನೋಡೋಗು, ಅಂಗೇ ಅದೆ.”

ಮಂಚದ ಪಕ್ಕದ ಸ್ಟೂಲಿನ ಮೇಲೆ ಬಟ್ಟಲಿತ್ತು. ಸಾರಿನ ಮೇಲೆ ಕೆನೆ ಕಟ್ಟಿ ನೊಣ ಕೂತಿತ್ತು. ರುದ್ರಾಣಿ ಆ ಬಟ್ಟಲು ನೋಡಿದಳು. ಎರಡು ಜೀವ. ಯಾರಿಗೂ ಬೇಡವಾಗಿದ್ದವು. ಮೂಳೆಗೂ ಬೇಡ, ಬಾಯಿಗೂ ಬೇಡ. ಒಬ್ಬ ಕೆಲಸಗಾರ ಸಾಹೇಬರ ಮುಂದೆ ಒಳ್ಳೆಯವನಾಗಬೇಕು, ಒಬ್ಬ ಮಗ ನಾಲ್ಕು ಜನರೆದುರು ಅಪ್ಪನಿಗೆ ಏನೋ ಮಾಡಿದೆ ಅನ್ನಿಸಿಕೊಳ್ಳಬೇಕು, ಅಷ್ಟಕ್ಕೆ.

ಅಪ್ಪನ ಮಾತಿಗೆ ಪ್ರಸಾದ್ ಮುಖ ಕೆಂಪಾಗಿತ್ತು. ಹೆಂಗಸರ ಮುಂದೆ ಸೋತವರ ಹಾಗಾಗಿ ಅವರು ಫೋನು ತೆಗೆದರು. “ತಡೀರಿ, ನಿಮ್ಮ ಯಜಮಾನ್ರನ್ನೇ ಕೇಳ್ತೀನಿ” ಎಂದು ಸ್ಪೀಕರಿಗೆ ಹಾಕಿದರು.

“ಶಿವರಾಜು, ಏನಯ್ಯಾ ಇದು? ನಿಮ್ಮ ತಾಯಿ, ಹೆಂಡ್ತಿ ಮನೆ ಹತ್ರ ಬಂದು ಗಲಾಟೆ ಮಾಡ್ತಾವ್ರೆ. ಕೊಟ್ಟ ಏಡಿ ವಾಪಸ್ ಬೇಕಂತೆ.”

“ಅಯ್ಯೋ! ಸಾರಿ ಸಾ, ಸಾರಿ ಸಾ! ನಾನ್ ಹೇಳಿಲ್ಲ ಸಾ ಹೋಗಿ ಅಂತ. ಅವಳಿಗೆ ಒಸಿ ತಲೆ ಸರಿ ಇಲ್ಲ ಸಾ. ಏಡಿ ಹುಚ್ಚು. ನೀವು ಏನೂ ತಿಳ್ಕೋಬೇಡಿ ಸಾ.”

ರುದ್ರಾಣಿಯ ಕೈಯಲ್ಲಿದ್ದ ಏಡಿ ಉಳಿದ ಕಾಲುಗಳನ್ನು ನಿಧಾನವಾಗಿ ಆಡಿಸಿತು. ತಲೆ ಸರಿ ಇಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಅವಳ ಮೇಲೆ ಕೂಗಿದ್ದಿಲ್ಲ, ಕೈಯೆತ್ತಿದ್ದಿಲ್ಲ. ಒಳ್ಳೆಯ ಗಂಡ ಎಂದು ತವರಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಈಗ ಪರರ ಅಂಗಳದಲ್ಲಿ, ಪರರ ಫೋನಿನಿಂದ, ಇಷ್ಟು ಹಗುರಾಗಿ ಆ ಮಾತು ಬಂತು.

ಮಲ್ಲಾಜಮ್ಮ ನೊರೆಗೈಯಲ್ಲೇ ಎದ್ದು ಬಂದು ಫೋನಿಗೆ ಬಾಯಿಟ್ಟರು. “ಅವಳ ತಲೆ ಸರಿಯಾಗೇ ಇದೆ ಕಣ್ಲಾ. ನಿನ್ನ ನಾಲಿಗೆ ಸರಿ ಇಲ್ಲ. ನನಗೊಂದು ಸುಳ್ಳು, ಅವಳ ಹೆಸರಲ್ಲೊಂದು ಸುಳ್ಳು. ಸಾಹೇಬ್ರ ಸೇವೆ ಮಾಡ್ಬೇಕು ಅಂದ್ರೆ ನಿನ್ ಬೆವರಲ್ಲಿ ಮಾಡು, ಮನೆ ಜೀವ ತಂದು ಮಾಡಬೇಡ!”

ಪ್ರಸಾದ್ ಫೋನು ಹಿಂದಕ್ಕೆಳೆದುಕೊಂಡರು. “ನೋಡ್ರಮ್ಮಾ, ಇದರಿಂದ ಶಿವರಾಜುಗೆ ಒಳ್ಳೇದಾಗಲ್ಲ. ಹೇಳ್ತೀನಿ ಕೇಳಿ, ಅದನ್ನ ಅಲ್ಲಿಡಿ.”

ರುದ್ರಾಣಿ ಇಡಲಿಲ್ಲ. ಚೀಲದಿಂದ ಕತ್ತರಿ ತೆಗೆದಳು. ರವಿಕೆ ಹೊಲಿಯುವವಳ ಚೀಲದಲ್ಲಿ ಅದು ಯಾವಾಗಲೂ ಇರುತ್ತಿತ್ತು. ಕೊಂಡಿಗಳ ಗೋಣಿದಾರ ಕತ್ತರಿಸಿದಳು. ಏಡಿಯನ್ನು ಒದ್ದೆ ಬಟ್ಟೆಯ ಮೇಲಿಟ್ಟು ಡಬ್ಬಿ ಮುಚ್ಚಿದಳು. “ಹೋಗಿ ಬರ್ತೀವಕ್ಕಾ” ಎಂದು ವನಜಾಕ್ಷಿಗೆ ಮಾತ್ರ ಹೇಳಿದಳು. “ಯಜಮಾನ್ರೇ, ಬೇಗ ವಾಸಿಯಾಗಲಿ” ಎಂದು ಮಲ್ಲಯ್ಯನವರಿಗೆ ಕೈ ಮುಗಿದಳು. ಪ್ರಸಾದ್ ಅವರ ಪಕ್ಕದಿಂದಲೇ ನಡೆದು ಹೋದಳು. ಅವರು ತಡೆಯಲಿಲ್ಲ. ಒಂದು ಏಡಿಗಾಗಿ ಹೆಂಗಸಿನ ಕೈ ಹಿಡಿದು ಎಳೆದಾಡಲು ಆಗುತ್ತದೆಯೇ?

ಬಸ್ಸಿನಲ್ಲಿ ಮಲ್ಲಾಜಮ್ಮ ಮುಷ್ಟಿ ಬಿಚ್ಚಿ ಸೆರಗಿನ ತುದಿಯ ಒದ್ದೆ ಗಂಟು ತೋರಿಸಿದರು. ಜಾಲರಿಗೆ ಅಂಟಿಕೊಂಡಿದ್ದ ನಾಲ್ಕಾರು ಮರಿಗಳು. ಎರಡು ಅಲುಗಾಡುತ್ತಿದ್ದವು.

ಸಂಜೆ ಶಿವರಾಜು ಮನೆಗೆ ಬಂದಾಗ ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದಿನಲ್ಲೇ ಅವನ ಸಿಟ್ಟು ಗೊತ್ತಾಯಿತು. “ನನ್ನ ಮಾನ ಕಳೆದ್ರಿ ಇಬ್ಬರೂ ಸೇರ್ಕೊಂಡು” ಎಂದ. “ಸೋಮವಾರ ಯಾವ ಮುಖ ಇಟ್ಕೊಂಡು ಗೋದಾಮಿಗೆ ಹೋಗ್ಲಿ? ಒಂದು ಏಡಿಗೋಸ್ಕರ!”

ರುದ್ರಾಣಿ ತೊಟ್ಟಿಯ ಮರಳನ್ನು ಮತ್ತೆ ದಿಬ್ಬ ಮಾಡುತ್ತಿದ್ದಳು. ಎದ್ದು ಕೈ ಒರೆಸಿಕೊಂಡಳು.

“ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನ್ನನ್ನ ಯಾಕೆ ಕೇಳಲಿಲ್ಲ?”

“ಏಡಿ ತಾನೆ ಅಂತ...”

“ಅಲ್ಲ. ಏಡಿ ತಾನೆ ಅನ್ನೋದಾಗಿದ್ರೆ ಕೇಳ್ತಿದ್ರಿ. ಕೇಳಿದ್ರೆ ನಾನು ಬೇಡ ಅಂತೀನಿ ಅಂತ ನಿಮಗೆ ಗೊತ್ತಿತ್ತು. ಅದಕ್ಕೇ ನಾನಿಲ್ಲದ ಹೊತ್ತು ನೋಡಿ ತಗೊಂಡು ಹೋದ್ರಿ. ಅದಕ್ಕೇ ಅವ್ವನ ಹತ್ರ ಸುಳ್ಳು ಹೇಳಿದ್ರಿ. ಈಗ ಹೇಳಿ, ತಲೆ ಸರಿ ಇಲ್ಲದ್ದು ಯಾರಿಗೆ?”

ಅವನು ಟಿವಿಯ ರಿಮೋಟ್ ಕೈಗೆತ್ತಿಕೊಂಡ, ಹಾಕಲಿಲ್ಲ. ಮಲ್ಲಾಜಮ್ಮ ಅನ್ನದ ತಪ್ಪಲೆ ತಂದು ಅವನ ಮುಂದಿಟ್ಟು ಬಡಿಸದೆ ಹೋದರು. ಹುಟ್ಟಿದಂದಿನಿಂದ ಅವ್ವ ಬಡಿಸಿದ ಊಟ ಉಂಡವನು ಅಂದು ತಾನೇ ಬಡಿಸಿಕೊಂಡ. ಅವ್ವನ ಮೌನವೂ ಹಾಗೇ ಮುಂದುವರಿಯಿತು. ಅವನು “ಅವ್ವ, ನೀರು” ಎಂದರೆ ಅವರು ರುದ್ರಾಣಿಗೆ, “ನಿನ್ನ ಗಂಡಂಗೆ ನೀರು ಬೇಕಂತೆ” ಎನ್ನುತ್ತಿದ್ದರು.

ಗೋದಾಮಿನಲ್ಲಿ ಅವನನ್ನು ಫ್ಯಾನಿನ ಕೆಳಗಿನ ಟೇಬಲ್ಲಿನಿಂದ ಎಬ್ಬಿಸಿ ಹೊರಗಿನ ಲೋಡಿಂಗ್ ಅಂಗಳಕ್ಕೆ ಹಾಕಿದರು. ಹಮಾಲರು ಬೆನ್ನ ಹಿಂದೆ ‘ಏಡಿ ಶಿವರಾಜು’ ಎನ್ನತೊಡಗಿದರು. ಇದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಗಿರಾಕಿಯೊಬ್ಬಳಿಂದ ರುದ್ರಾಣಿಗೆ ಗೊತ್ತಾಯಿತು. ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಪ್ರಸಾದ್ ಮೇಲೆ ಮಾತ್ರ ಅದು ಹೊಸದಾಗಿ ಹೊತ್ತಿಕೊಂಡಿತು. ತಪ್ಪು ಮಾಡಿದವನು ಗಂಡ, ನಿಜ. ಆದರೆ ಆ ತಪ್ಪನ್ನು ಉಡುಗೊರೆ ಎಂದು ಇಸಿದುಕೊಂಡವರು, ಈಗ ತಾವೇ ಅವಮಾನ ಪಟ್ಟವರ ಹಾಗೆ ಶಿಕ್ಷೆ ಕೊಡುವುದೇ?

ಶಿವಾನಿಗೆ ಅವಳು ಸುಳ್ಳು ಹೇಳಲಿಲ್ಲ. ಮುಂದಿನ ವಾರ ಅವಳು ಫೋನಿನಲ್ಲಿ ಕೇಳಿದಾಗ, “ಎರಡು ಹೋದವು. ಹೆಂಗೆ ಅಂತ ನಿಮ್ಮಪ್ಪ ಹೇಳ್ತಾರೆ” ಎಂದು ಫೋನನ್ನು ಗಂಡನ ಕೈಗೆ ಕೊಟ್ಟಳು. ಶಿವರಾಜು ಅದನ್ನು ಹಿಡಿದುಕೊಂಡು ಅಂಗಳಕ್ಕೆ ಹೋದ. ಏನು ಹೇಳಿದನೋ ಅವಳಿಗೆ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಒಳಗೆ ಬಂದವನ ಮುಖ ಬಾಡಿತ್ತು.

ಹೆಣ್ಣೇಡಿ ಬದುಕಿತು. ಒಂದು ತಿಂಗಳ ಮೇಲೆ ಪೊರೆ ಬಿಟ್ಟಾಗ ಮುರಿದ ಕಾಲಿನ ಜಾಗದಲ್ಲಿ ಅಕ್ಕಿಕಾಳಿನಷ್ಟು ಹೊಸ ಚಿಗುರು ಬಂದಿತ್ತು. ಹೊಟ್ಟೆಯ ಮಡಿಕೆಯಲ್ಲಿ ಉಳಿದುಕೊಂಡಿದ್ದವೂ ಸೆರಗಿನಲ್ಲಿ ಬಂದವೂ ಸೇರಿ ಒಂಬತ್ತು ಮರಿಗಳು ಬದುಕಿ, ಕಡಲೆಕಾಳಿನ ಗಾತ್ರಕ್ಕೆ ಬೆಳೆದು, ದೊಡ್ಡದರ ಬಾಯಿಗೆ ಸಿಗದ ಹಾಗೆ ಬೇರೆ ತೊಟ್ಟಿಗೆ ಹೋದವು. ಆ ತೊಟ್ಟಿಯನ್ನು ಶಿವರಾಜುವೇ ಬೈಕಿನ ಹಿಂದೆ ಕಟ್ಟಿಕೊಂಡು ತಂದು, ಏನೂ ಹೇಳದೆ ಜಗುಲಿಯ ಮೇಲಿಟ್ಟಿದ್ದ. ರುದ್ರಾಣಿಯೂ ಏನೂ ಕೇಳದೆ ಅದನ್ನು ತೊಳೆದುಕೊಂಡಿದ್ದಳು. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅವಳು ಅದನ್ನು ಮರೆಯಲಿಲ್ಲ.

ದೀಪಾವಳಿಯ ಹತ್ತಿರ ಒಂದು ಭಾನುವಾರ ಶಿವರಾಜುವಿನ ಫೋನು ಹೊಡೆದುಕೊಂಡಿತು. ಅವನು ಅಭ್ಯಾಸದಂತೆ 'ಸಾ' ಎಂದು ಎದ್ದು ನಿಂತ. ಪ್ರಸಾದ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಮೈಸೂರಿನ ಏರಿಯಾ ಮ್ಯಾನೇಜರ್ ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇದೆಯಂತೆ, ಏಡಿ ಮರಿಗಳ ವಿಷಯ ಕೇಳಿ ಅವರ ಮಗಳು ಆಸೆ ಪಟ್ಟಿದ್ದಾಳಂತೆ, ಮೂರ್ನಾಲ್ಕು ಕೊಟ್ಟರೆ ಹಬ್ಬಕ್ಕೆ ಹೋಗುವಾಗ ಪ್ರಸಾದ್ ತಗೊಂಡು ಹೋಗುತ್ತಾರಂತೆ. ಶಿವರಾಜುವನ್ನು ಮತ್ತೆ ಒಳಗಿನ ಟೇಬಲ್ಲಿಗೆ ಹಾಕುವ ಮಾತನ್ನೂ ಜೊತೆಗೆ ಸೇರಿಸಿದ್ದರು.

ಶಿವರಾಜು ಒಮ್ಮೆ ತೊಟ್ಟಿ ನೋಡಿದ, ಒಮ್ಮೆ ಹೆಂಡತಿಯನ್ನು. “ಅವು ನನ್ನವಲ್ಲ ಸಾ” ಎಂದ. “ನಮ್ಮ ಮನೆಯೋರವು. ಅವರನ್ನೇ ಕೇಳಿ.” ಎಂದು ಫೋನನ್ನು ಅವಳ ಕೈಗಿತ್ತ.

“ಏನಮ್ಮಾ, ಚೆನ್ನಾಗಿದೀರಾ?” ಪ್ರಸಾದ್ ದನಿಯಲ್ಲಿ ಬೆಲ್ಲ ಬೆರೆತಿತ್ತು. “ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ. ಈ ಸಲ ಸಾರಿಗಲ್ಲ, ಸಾಕಕ್ಕೇನೇ.”

“ಆ ತೊಟ್ಟೀಲಿ ಮೀನಿದ್ಯಾ ಸಾರ್?”

“ಇದೆ ಇದೆ, ದೊಡ್ಡ ದೊಡ್ಡ ಮೀನು.”

“ಒಣಗಿದ ನೆಲ ಇದ್ಯಾ?”

“ನೆಲನಾ? ಅಕ್ವೇರಿಯಂ ಕಣಮ್ಮಾ, ತುಂಬ ನೀರಿರುತ್ತೆ.”

“ಹಂಗಾದ್ರೆ ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಕೊಡಲ್ಲ ಅಂತ. ಅವರ ಮಗಳಿಗೆ ಅಷ್ಟು ಆಸೆ ಇದ್ರೆ ಆ ಮಗೂನ ಕರ್ಕೊಂಡು ಬರಕ್ಕೆ ಹೇಳಿ. ಇಲ್ಲಿ ಕೂತು ನೋಡಲಿ, ಹೆಂಗೆ ಸಾಕಬೇಕು ಅಂತ ಕಲೀಲಿ. ಆಮೇಲೆ ಯೋಚ್ನೆ ಮಾಡ್ತೀನಿ. ನೀವು ತಗೊಂಡು ಹೋಗಿ ಕೊಡೋದು ಮಾತ್ರ ಬೇಡ.” ಅವರು ಇನ್ನೇನೋ ಹೇಳುತ್ತಿದ್ದಂತೆಯೇ ಫೋನು ಇಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ಮಲ್ಲಾಜಮ್ಮ ಸೌಟು ಹಿಡಿದು ನಿಂತಿದ್ದರು. ಶಿವರಾಜು ನಿಂತೇ ಇದ್ದ, ಕೂರಬೇಕೋ ಬೇಡವೋ ತಿಳಿಯದವನ ಹಾಗೆ.

“ಶಿವರಾಜು” ಎಂದರು ಮಲ್ಲಾಜಮ್ಮ, ಇಷ್ಟು ದಿನಗಳ ಮೇಲೆ ನೇರವಾಗಿ ಅವನಿಗೇ. “ಕೈ ತೊಳ್ಕೊಂಡು ಬಾ. ಬಿಸಿ ಇದೆ, ಬಡಿಸ್ತೀನಿ.”